ಮೈಲಾರಪ್ಪ ಕಾಕಾ ಹಾಕದ ಸಹಿ

ಆಗೆಲ್ಲ ತಂಬ್ರಹಳ್ಳಿಯ ನಮ್ಮ ಓಣಿಗೆ ಬೆಳಗಾಗುತ್ತಿದ್ದದ್ದು ಕೋಳಿ ಕೂಗಿನಿಂದಲ್ಲ, ನಮ್ಮ ಹಿಟ್ಟಿನ ಗಿರಣಿಯ ಸದ್ದಿನಿಂದ. ಅಪ್ಪ ಪಟಕ್ಕೆ ಕೈ ಮುಗಿದು ಸ್ವಿಚ್ಚು ಒತ್ತಿದರೆ ಗೋಡೆಗೆ ತೂಗುಹಾಕಿದ ಜರಡಿಗಳೆಲ್ಲ ಒಟ್ಟಿಗೆ ನಡುಗುತ್ತಿದ್ದವು. ಕರೆಂಟು ಇದ್ದಷ್ಟು ಹೊತ್ತು ಗಿರಣಿ, ಹೋದರೆ ಹರಟೆ. ಗಿರಣಿ ಮನೆಯಲ್ಲಿ ಬೆಳೆದವರಿಗೆ ಬಿಸಿ ಜೋಳದ ಹಿಟ್ಟಿನ ವಾಸನೆ ಎಂಥದ್ದೆಂದು ಹೇಳಬೇಕಾಗಿಲ್ಲ. ಖಾರ ಕುಟ್ಟುವ ದಿನ ಓಣಿಗೆ ಓಣಿಯೇ ಸೀನುತ್ತಿತ್ತು, ಸೀನಿದವರೆಲ್ಲ ಅಪ್ಪನನ್ನು ಬೈಯುತ್ತಿದ್ದರು, ಅಪ್ಪ ನಗುತ್ತಿದ್ದ.

ಆ ನಗುವಿಗೆ ಯಾವಾಗಲೂ ಜೊತೆ ಇರುತ್ತಿದ್ದವರು ಎದುರುಮನೆಯ ಮೈಲಾರಪ್ಪ ಕಾಕಾ. ಕುರಿ ಸಾಕುವ ಮನೆತನ. ಅಪ್ಪ ಮತ್ತು ಅವರು ಒಂದೇ ಹಳ್ಳದಲ್ಲಿ ಈಜು ಕಲಿತವರು, ಒಂದೇ ದಿನ ಶಾಲೆ ಬಿಟ್ಟವರು. ನಾವು ವಿಭೂತಿಯವರು, ಅವರು ಭಂಡಾರದವರು, ಮೈಲಾರಲಿಂಗನ ಅರಿಶಿನ ಹಣೆಗೆ ಹಚ್ಚುವವರು. ಅವರ ಮನೆಯ ಕುರಿಯ ಅಡುಗೆ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ ಎಂಬುದೊಂದು ಬಿಟ್ಟರೆ ಉಳಿದದ್ದೆಲ್ಲ ದಾಟುತ್ತಿತ್ತು. ನಮ್ಮ ಮನೆಯ ಮೊದಲ ರೊಟ್ಟಿ ಅವರ ನಾಯಿ ಕೆಂಚನಿಗೆ. ಮೈಲಾರಲಿಂಗನ ಒಕ್ಕಲಿಗೆ ನಾಯಿ ಎಂದರೆ ಬರೀ ನಾಯಿಯಲ್ಲ, ದೇವರ ಜೊತೆಗಾರ. ಕಾಕಾ ಹಬ್ಬದ ದಿನ ಕೆಂಚನ ಹಣೆಗೂ ಭಂಡಾರ ಹಚ್ಚಿ, ಹಾಲು ಇಟ್ಟು, ಆಮೇಲೆ ತಾವು ಊಟಕ್ಕೆ ಕೂರುತ್ತಿದ್ದರು. "ಭಂಡಾರ ಹಚ್ಚಿಗೊಂಡ ಮ್ಯಾಲೆ ಬಾಯಾಗ ಸುಳ್ಳು ಬರಬಾರದವ್ವ" ಎಂದು ನನಗೆ ಎಷ್ಟು ಸಲ ಹೇಳಿದ್ದರೋ. ಸಂತೆಯಲ್ಲಿ ಕುರಿ ಮಾರುವಾಗಲೂ ಅದರ ಕೆಮ್ಮು, ಕುಂಟು ತಾವೇ ಹೇಳಿಬಿಡುತ್ತಿದ್ದರು. ಅಪ್ಪ ಇದಕ್ಕೆ ಅವರನ್ನು ಬೇಕಾದಷ್ಟು ಛೇಡಿಸುತ್ತಿದ್ದ.

ನಾನು ಬಂದೂಕು ಹಿಡಿದದ್ದು ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಎನ್‌ಸಿಸಿಗೆ ಸೇರಿದ ಮೇಲೆ. ಚಳಿಗಾಲದ ಶಿಬಿರದಲ್ಲಿ ನಮ್ಮನ್ನು ಚೀಲಗಳ ಮೇಲೆ ಬೋರಲು ಮಲಗಿಸಿ ತಲೆಗೆ ಐದರಂತೆ ಪಾಯಿಂಟ್ ಟೂಟೂ ರೈಫಲಿನ ಗುಂಡು ಕೊಟ್ಟರು. ಉಳಿದವರ ಗುಂಡುಗಳು ಹಾಳೆಯ ಮೇಲೆ ಊರೂರು ಅಲೆದಿದ್ದವು. ನನ್ನ ಐದೂ ಒಂದು ಬಿಂದಿಗೆಯ ಬಾಯಷ್ಟಲ್ಲ, ಒಂದು ಬಳೆಯೊಳಗೆ ಇದ್ದವು. ಹವಾಲ್ದಾರ್ ಸರ್ ಹಾಳೆಯನ್ನು ಎತ್ತಿ ಹಿಡಿದು "ಯಾರು ಈ ಕೊಟ್ರಮ್ಮ?" ಎಂದು ಕೂಗಿದರು. ಆ ಕೂಗು ನನ್ನ ತಲೆಗೆ ಏರಿತು. ಇವತ್ತು ಯೋಚಿಸಿದರೆ, ಇಳಿಯಬೇಕಾದದ್ದು ಆಗಲೇ ಇಳಿದಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ಅಪ್ಪ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಸಂಕ್ರಾಂತಿ ಮುಗಿಯುವಷ್ಟರಲ್ಲಿ ಬಳ್ಳಾರಿಯ ರೈಫಲ್ ಕ್ಲಬ್ಬಿಗೆ ನನ್ನ ಹೆಸರು ಹಚ್ಚಿಸಿ, ಅಭ್ಯಾಸಕ್ಕೆಂದು ಒಂದು ಏರ್ ರೈಫಲ್ ತಂದ. ಅದಕ್ಕೆ ಲೈಸೆನ್ಸು ಬೇಕಿಲ್ಲ. ಏರ್ ರೈಫಲ್ ಸ್ಪರ್ಧೆಯ ದೂರ ಹತ್ತು ಮೀಟರ್. ಅಪ್ಪ ಬಡಿಗನಿಂದ ಟೇಪು ತಂದು ಅಳೆದ. ನಮ್ಮ ಹೊಸ್ತಿಲಿನಿಂದ ಕಾಕಾನ ಮನೆಯ ಕಟ್ಟೆಗೆ ಸರಿಯಾಗಿ ಹತ್ತು ಮೀಟರ್ ಬಂತು. "ದೇವರೇ ಅಳತಿ ಮಾಡಿ ಇಟ್ಟಾನ ನೋಡು" ಎಂದ ಅಪ್ಪ. ಆದರೆ ಓಣಿಗೆ ಅಡ್ಡ ಹೊಡೆಯಲು ಆಗುತ್ತದೆಯೇ? ಗಿರಣಿಯ ಹಿಂದೆ ಹೊಟ್ಟಿನ ಚೀಲ ಪೇರಿಸಿ, ಹಳೆಯ ಲಗ್ನಪತ್ರಿಕೆಗಳ ಬೆನ್ನಿಗೆ ಬಳೆಯಿಟ್ಟು ವೃತ್ತ ಬರೆದು ನನ್ನ ಅಭ್ಯಾಸ ಶುರುವಾಯಿತು.

ಕ್ಲಬ್ಬಿನ ಕೋಚ್ ಸರ್ ಮೊದಲ ದಿನವೇ ಎರಡು ಮಾತು ಹೇಳಿ ನನ್ನಿಂದ ಹತ್ತು ಸಲ ಹೇಳಿಸಿದ್ದರು. ಬಂದೂಕು ಯಾವಾಗಲೂ ತುಂಬಿದೆ ಎಂದೇ ತಿಳಿಯಬೇಕು. ಜೀವ ಇರುವ ಯಾವುದರ ಕಡೆಗೂ ಅದರ ಮೂತಿ ತಿರುಗಬಾರದು. ನಾನು ಪದ್ಯದಂತೆ ಒಪ್ಪಿಸಿದ್ದೆ.

ಬೇಸಿಗೆ ರಜೆಯಲ್ಲಿ ಕೋಚ್ ಸರ್ ಫೋನು ಮಾಡಿ, ಹುಡುಗಿಗೆ ಈಗ ಸ್ವಂತದ್ದೊಂದು ಪಾಯಿಂಟ್ ಟೂಟೂ ಬೇಕು, ಹಳೆಯ ಸದಸ್ಯರ ಎರಡು ರೈಫಲ್ ಮಾರಾಟಕ್ಕಿವೆ, ಬಂದು ನೋಡಿ ಎಂದರು. ಬೆಳಗಿನ ಬಸ್ಸಿಗೆ ಹೊರಟೆವು. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ನನ್ನ ತೊಡೆಯ ಮೇಲಿತ್ತು. ಅಪ್ಪ ದಾರಿಯುದ್ದಕ್ಕೂ ಪಕ್ಕದವರಿಗೆ ನಾವು ಎಲ್ಲಿಗೆ, ಯಾಕೆ ಹೋಗುತ್ತಿದ್ದೇವೆಂದು ಹೇಳುತ್ತಲೇ ಇದ್ದ.

ಮೇಜಿನ ಮೇಲೆ ಎರಡು ರೈಫಲ್ ಇಟ್ಟಿದ್ದರು. ಒಂದು ಹೊಸದರಂತೆ ಹೊಳೆಯುತ್ತಿತ್ತು, ಆದರೆ ಭಾರ. ಎತ್ತಿ ಹಿಡಿದರೆ ಎರಡೇ ನಿಮಿಷಕ್ಕೆ ನನ್ನ ಎಡ ಮೊಣಕೈ ನಡುಗಿತು. ಇನ್ನೊಂದರ ಕಬ್ಬಿಣ ಮಾಸಿತ್ತು. ಅದರ ಮರದ ಹಿಡಿಗೆ ಕೆನ್ನೆ ಒತ್ತಿದೆ ನೋಡಿ, ನನಗಾಗಿಯೇ ಕೆತ್ತಿದ್ದಾರೇನೋ ಎನಿಸಿತು. ಕಣ್ಣು ತಾನಾಗಿಯೇ ಗುರಿಯ ಸಾಲಿಗೆ ಬಂದು ನಿಂತಿತು. "ಇದೇ" ಎಂದೆ.

ಅಪ್ಪ ಮಾತ್ರ ರೈಫಲನ್ನು ಎತ್ತು ಕೊಳ್ಳುವವನ ಹಾಗೆ ಸುತ್ತು ಹಾಕಿ ನೋಡಿದ. ಹಿಡಿಯನ್ನು ಸವರಿದ. ಹಿಂಭಾಗದಲ್ಲಿ ಅವನ ಕೈ ನಿಂತಿತು.

"ಸರ, ಇದರಾಗ ಸುಳಿ ಐತಲ್ರಿ."

ಕೋಚ್ ಸರ್ ಬಗ್ಗಿ ನೋಡಿದರು. ಮರದ ಗೆರೆಗಳು ಅಲ್ಲಿ ಗುಂಡಗೆ ಸುತ್ತಿಕೊಂಡಿದ್ದವು. "ಅದು ಮರದ ಗಂಟಿನ ಗುರುತು ಬಸವರಾಜಪ್ಪ. ಚೆಂದ ಅಂತ ಹುಡುಕಿ ತಗೋತಾರೆ."

"ಚಂದ ಇರಬೌದ್ರಿ. ಎತ್ತಿಗೆ ಹಿಂಗ ಹಿಂಭಾಗದಾಗ ಸುಳಿ ಇದ್ದರ ನಾವು ಹಗ್ಗನೂ ಮುಟ್ಟಂಗಿಲ್ಲ. ಮನಿಗೂ ನೆರಿಗೂ ಅಗಲಸ್ತೈತಿ ಅಂತಾರ."

ನಾನು ನಾಚಿಕೆಯಿಂದ ನೆಲ ನೋಡಿದೆ. ಆಗ ನಾನು ನಾಚಿಕೊಂಡದ್ದು ಇಂಥದ್ದಕ್ಕೆಲ್ಲ. ಅಪ್ಪ ಅಷ್ಟಕ್ಕೇ ಬಿಡದೆ, ಕೋಚ್ ಸರ್ ಎದುರೇ ಫೋನು ತೆಗೆದು ಮೈಲಾರಪ್ಪ ಕಾಕಾನಿಗೆ ಹಚ್ಚಿದ. ದನ ಕುರಿಯ ಸುಳಿ ಸುದ್ದಿಯಲ್ಲಿ ಅವನಿಗೆ ಅವರ ಮಾತೇ ಕೊನೆ. ಆ ಕಡೆಯಿಂದ ಕಾಕಾ ನಕ್ಕದ್ದು ನನಗೂ ಕೇಳಿಸಿತು.

"ಅದಕ್ಕೇನು ಮೇವು ಹಾಕ್ತೀಯೇನಲೇ ಬಸ್ಯಾ? ಸುಳಿ ಜೀವ ಇದ್ದದ್ದಕ್ಕ. ಹುಡುಗಿ ಕೈಗೆ ಯಾವುದು ಒಗ್ಗತೈತಿ ಅದನ್ನ ಹಿಡಿ, ಸುಮ್ಮನ ಬಾ."

ಅಪ್ಪ ಹಾಗೇ ಮಾಡಿದ. ಅಂದರೆ ನನ್ನ ರೈಫಲನ್ನು ಆರಿಸಿದವರು ಕಾಕಾ. ಇದನ್ನು ಮರೆಯಬಾರದೆಂದೇ ಇಷ್ಟು ಉದ್ದಕ್ಕೆ ಬರೆದೆ.

ರೈಫಲ್ ಆರಿಸಿದ ಮಾತ್ರಕ್ಕೆ ಮನೆಗೆ ತರುವಂತಿರಲಿಲ್ಲ. ನನ್ನ ವಯಸ್ಸಿನವರಿಗೆ ತರಬೇತಿಗೆಂದು ಬೇರೆ ಲೈಸೆನ್ಸು ಇದೆ. ಅರ್ಜಿ, ಕ್ಲಬ್ಬಿನ ಪತ್ರ, ಡಾಕ್ಟರ ಸರ್ಟಿಫಿಕೇಟು, ಅಪ್ಪನ ಒಪ್ಪಿಗೆ ಎಲ್ಲ ಸೇರಿಸಿ ಕಚೇರಿಗೆ ಕೊಡಬೇಕು. ಆಮೇಲೆ ಪೊಲೀಸರು ಊರಿಗೆ ಬಂದು ನೆರೆಯವರನ್ನು ವಿಚಾರಿಸುತ್ತಾರೆ. ಕಾಗದವೆಲ್ಲ ಕೊಟ್ಟು ಊರಿಗೆ ಬಂದೆವು. "ನೆರಿಯವರ ಸೈಗೆ ನಮಗೇನು ಬರ, ಎದ್ದರ ಪಕ್ಕದ ಮನಿ ಮಾಸ್ತರು, ಕುಂತರ ಮೈಲಾರ" ಎಂದು ಅಪ್ಪ ನಿಶ್ಚಿಂತನಾಗಿದ್ದ.

ಅದಾದ ವಾರಕ್ಕೆ, ಒಂದು ಮಧ್ಯಾಹ್ನ. ಕರೆಂಟು ಇರಲಿಲ್ಲ, ಗಿರಣಿ ಸುಮ್ಮನಿತ್ತು, ಅಪ್ಪ ಒಳಗೆ ಮಲಗಿದ್ದ. ನಾನು ಗಿರಣಿಯ ಹಿಂದೆ ಲಗ್ನಪತ್ರಿಕೆಗೆ ಹೊಡೆದು ಹೊಡೆದು ಬೇಸತ್ತಿದ್ದೆ. ನಿಂತದ್ದಕ್ಕೆ ಎಷ್ಟು ಹೊಡೆದರೂ ಅಷ್ಟೇ, ಅಲುಗಾಡುವುದಕ್ಕೆ ಹೊಡೆದರೆ ತಾನೇ ಜಾಣತನ ಎನಿಸಿತು. ಬೇಲಿಯ ನೆರಳಿನಲ್ಲಿ ಕೆಂಚ ಮಲಗಿದ್ದ. ಕಿವಿಯ ಮೇಲಿನ ನೊಣ ಓಡಿಸಲು ಆಗಾಗ ಕಿವಿ ಪಟಪಟ ಬಡಿಯುತ್ತಿದ್ದ. ನಾನು ಆ ಕಿವಿಯ ತುದಿಗೆ ಗುರಿ ಹಿಡಿದೆ.

ಬಂದೂಕಿನಲ್ಲಿ ಗುಂಡಿಲ್ಲ ಅಂದುಕೊಂಡಿದ್ದೆ ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ಅದು ಸುಳ್ಳು. ಗುಂಡು ಇತ್ತು, ಇದ್ದದ್ದು ನನಗೆ ಗೊತ್ತಿತ್ತು. ಕಿವಿಯ ತುದಿಗೆ ತಾಗಿಸಿ ಹಾರಿಸಬಲ್ಲೆ ಎಂಬ ಸೊಕ್ಕು. ನಾನು ಒತ್ತಿದ ಗಳಿಗೆಗೇ ಕೆಂಚ ನನ್ನ ಕಡೆ ತಲೆ ಎತ್ತಿದ. ನನ್ನನ್ನು ಕಂಡು ಬಾಲ ಆಡಿಸಲು ಶುರುಮಾಡಿದ್ದ.

ಅವನು ಕೂಗಿದ ಕೂಗನ್ನು ಬರೆಯಲಾರೆ. ನಾನು ರೈಫಲನ್ನು ಹೊಟ್ಟಿನ ಚೀಲದ ಹಿಂದೆ ತುರುಕಿ, ಮನೆಯೊಳಗೆ ಓಡಿ, ಅಡುಗೆಮನೆಯಲ್ಲಿ ಕೂತು ಜೋಳದ ಕಲ್ಲು ಆರಿಸತೊಡಗಿದೆ. ಕೆಲಸ ಹೇಳಿದರೂ ಮಾಡದವಳು ಹೇಳದೆ ಮಾಡುತ್ತಿರುವುದನ್ನು ನೋಡಿ ಅವ್ವ "ಬಿಸಲಿಗೆ ತಲಿ ಕೆಟ್ಟೈತೇನು?" ಎಂದಳು.

ಸಂಜೆ ಕಾಕಾ ಕಟ್ಟೆಯ ಮೇಲೆ ಕೆಂಚನ ತಲೆಯನ್ನು ತಮ್ಮ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಮುಳ್ಳು ತೆಗೆಯಲೆಂದು ಅವರ ಉಡಿದಾರಕ್ಕೆ ಯಾವಾಗಲೂ ಒಂದು ಚಿಮ್ಮಟ ತೂಗುತ್ತಿತ್ತು. ಅದರಿಂದ ಗಾಯದೊಳಗಿನ ಏನನ್ನೋ ಕಿತ್ತು, ಅಂಗೈಯಲ್ಲಿಟ್ಟು, ಬಹಳ ಹೊತ್ತು ನೋಡಿದರು. ಆಮೇಲೆ ಎಲೆಅಡಿಕೆಯ ಚಂಚಿಯಲ್ಲಿ ಹಾಕಿಕೊಂಡರು. ಗಾಯಕ್ಕೆ ಅರಿಶಿನ ತುಂಬಿದರು. ನಾನು ನಮ್ಮ ಬಾಗಿಲ ಪರದೆಯ ಹಿಂದೆ ನಿಂತು ಎಲ್ಲ ನೋಡಿದೆ. ಇಡೀ ಊರಿಗೆ ಇದ್ದದ್ದು ಒಂದೇ ಏರ್ ರೈಫಲ್.

ಮರುದಿನ ಅಪ್ಪ ಕೇಳಿದ, "ಕೆಂಚಗ ಏನಾತಲೇ? ಎಡಗಣ್ಣು ಹೋದಂಗ ಕಾಣತೈತಿ."

ಕಾಕಾ ಅಪ್ಪನ ಹಿಂದೆ ನಿಂತಿದ್ದ ನನ್ನನ್ನು ನೋಡಿ ಹೇಳಿದರು, "ಏನೋ ಬಡದೈತಿ ಬಸ್ಯಾ." ಅಷ್ಟೇ. ಮುಳ್ಳು ಎನ್ನಲಿಲ್ಲ, ಕಲ್ಲು ಎನ್ನಲಿಲ್ಲ. ನಾನು ಬಾಯಿ ಬಿಡಲೆಂದು ಅವರು ಬಿಟ್ಟ ಜಾಗ ಅದು. ನಾನು ಒಳಗೆ ಹೋಗಿ ನೀರು ಕುಡಿದೆ.

ಕೆಂಚ ಬದುಕಿದ. ಎಡಕ್ಕೆ ಏನೂ ಕಾಣದೆ ಬಾಗಿಲ ಕಂಬಕ್ಕೆ, ಚಕ್ಕಡಿ ಗಾಲಿಗೆ ಹೋಗಿ ಹಾಯುತ್ತಿದ್ದ. ತೋಳದ ಕಾಟದ ಊರಿನಲ್ಲಿ ಒಂದು ಕಡೆ ಕಾಣದ ನಾಯಿ ಹಟ್ಟಿ ಕಾಯುವುದೆಂತು? ಕಾಕಾ ತಾವೇ ಕುರಿಗಳ ಎಡಗಡೆಗೆ ಮಲಗತೊಡಗಿದರು. ಬೆಳಗ್ಗೆ ನಾನು ರೊಟ್ಟಿ ಹಾಕಲು ಹೋದರೆ ಕೆಂಚ ತಲೆ ಓರೆ ಮಾಡಿ ಒಂದೇ ಕಣ್ಣಿನಿಂದ ನನ್ನನ್ನು ನೋಡಿ ಮೊದಲಿನಂತೆಯೇ ಬಾಲ ಆಡಿಸುತ್ತಿದ್ದ. ಎರಡನೆಯ ದಿನದಿಂದ ರೊಟ್ಟಿ ಹಾಕುವ ಕೆಲಸವನ್ನು ತಮ್ಮನಿಗೆ ಒಪ್ಪಿಸಿದೆ.

ಶಾಲೆ ಶುರುವಾಗುವ ಮುಂಚೆ ಪೊಲೀಸ್ ಪೇದೆ ಬಂದರು. ಅಪ್ಪ ಗಿರಣಿಯ ಮುಂದೆ ಕುರ್ಚಿ ಹಾಕಿಸಿ, ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದ. ಪಕ್ಕದ ಮನೆಯ ಮಾಸ್ತರು ಕನ್ನಡಕ ಏರಿಸಿ, ಓದದೆಯೇ ಸಹಿ ಹಾಕಿ, ಬಜ್ಜಿ ತಿಂದು ಹೋದರು. ಆಮೇಲೆ ಕಾಕಾನನ್ನು ಕರೆದರು. ಅವರು ಕುರಿ ಬಿಟ್ಟು ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದರು. ಕೆಂಚ ಹಿಂದೆಯೇ ಬಂದು ಕುರ್ಚಿಯ ಕಾಲಿಗೆ ಹಾಯ್ದು, ಸರಿದು ಕೂತ.

"ಈ ಹುಡುಗಿನ್ನ ಎಷ್ಟು ವರ್ಷದಿಂದ ನೋಡೀರಿ?" ಪೇದೆ ಕೇಳಿದರು.

"ಹುಟ್ಟಿದಾಗಿಂದ್ರಿ. ಇಕಿ ಹೆಸರಿಟ್ಟಾಗ ತೊಟ್ಟಲಕ್ಕ ಹಗ್ಗ ಕಟ್ಟಿದಾಂವ ನಾನ."

"ಹಂಗಾರ ಮುಗೀತು ಬಿಡ್ರಿ. ಇಲ್ಲೊಂದು ಸೈ ಹಾಕ್ರಿ."

"ಏನು ಬರದೈತಿ, ಒಂಚೂರು ಓದ್ರಿ."

ಪೇದೆಗೆ ಬೇಸರ. ಬಾಯಲ್ಲಿನ ಬಜ್ಜಿ ನುಂಗಿ ಓದಿದರು: "ಸದರಿ ಹುಡುಗಿ ಸನ್ನಡತೆಯವಳಿದ್ದು, ಆಯುಧದಿಂದ ಯಾವ ಜೀವಕ್ಕೂ ಅಪಾಯ ಉಂಟುಮಾಡುವ ಸ್ವಭಾವದವಳಲ್ಲವೆಂದು ನಾನು ಬಲ್ಲೆ."

ಕಾಕಾ ನನ್ನ ಕಡೆ ತಿರುಗಿದರು. ಸಿಟ್ಟು ಇರಲಿಲ್ಲ. ಜ್ವರ ಬಂದ ಮಗುವನ್ನು ನೋಡುವ ಹಾಗೆ ನೋಡಿದರು. ನಾನು ಜರಡಿಗೆ ಅಂಟಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಿಗಾದರೂ ಒಂದಿಷ್ಟು ಅಳುಕಿತ್ತು. ನಾನು ಅದನ್ನೂ ತೋರಿಸಲಿಲ್ಲ.

"ನಾಳಿ ಹಾಕ್ತೀನ್ರಿ" ಎಂದರು ಕಾಕಾ.

ಅಪ್ಪ ತಮಾಷೆ ಎಂದುಕೊಂಡು ನಕ್ಕ. "ಯಾಕಲೇ, ಪಂಚಾಂಗ ನೋಡಬೇಕೇನು?"

"ನಾಳಿ ಹಾಕ್ತೀನಿ ಬಸ್ಯಾ. ಒಂದು ದಿನ ತಡಿ."

ಪೇದೆ ಗಡಿಯಾರ ನೋಡಿಕೊಂಡು, ನಾಳೆ ಇದೇ ದಾರಿಯಲ್ಲಿ ಬರುವುದಿದೆ, ಆಗಲಿ ಎಂದು ಹೋದರು. ಅಪ್ಪನ ನಗು ಅರ್ಧಕ್ಕೇ ನಿಂತಿತ್ತು.

ಆ ಸಂಜೆ ಕಾಕಾ ಕುರಿ ಕಡೆ ಹೋಗಲಿಲ್ಲ. ಕಟ್ಟೆಯ ಮೇಲೆ ನಮ್ಮ ಬಾಗಿಲಿಗೆ ಮುಖ ಮಾಡಿ ಕೂತರು. ಎಲೆ ಹಾಕಿದರು, ಉಗುಳಿದರು, ಮತ್ತೆ ಎಲೆ ಹಾಕಿದರು. ನಾನು ಪರದೆಯ ಹಿಂದೆ ನಿಂತಿದ್ದೆ. ಎರಡು ಸಲ ಪರದೆಗೆ ಕೈ ಹಾಕಿದೆ. ಹೇಳಿದರೆ ಲೈಸೆನ್ಸು ಹೋಗುತ್ತದೆ, ರೈಫಲ್ ಹೋಗುತ್ತದೆ, ಹವಾಲ್ದಾರ್ ಸರ್ ಕೂಗಿದ ಹೆಸರು ಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಅವರು ಸಹಿ ಹಾಕದಿದ್ದರೆ ಬೇರೆ ಯಾರಾದರೂ ಹಾಕುತ್ತಾರೆ ಎಂಬುದೂ ಆ ಲೆಕ್ಕದಲ್ಲಿ ಸೇರಿತ್ತು. ಹದಿನಾಲ್ಕು ವರ್ಷದವಳಿಗೆ ಏನು ಗೊತ್ತಾಗುತ್ತದೆ ಎನ್ನುವವರಿದ್ದಾರೆ. ಎಲ್ಲ ಗೊತ್ತಾಗುತ್ತದೆ. ಹೊತ್ತು ಮುಳುಗಿದ ಮೇಲೆ ಕಾಕಾ ಕಂಬಳಿ ಕೊಡವಿಕೊಂಡು ಎದ್ದು ಹೋದರು.

ಮರುದಿನ ಪೇದೆ ಬಂದಾಗ ಕಾಕಾ ಒಂದೇ ಮಾತು ಹೇಳಿದರು. "ನನಗ ಆಗಂಗಿಲ್ರಿ."

"ಯಾಕ?" ಅಪ್ಪ ಎದ್ದು ನಿಂತ.

"ಕೇಳಬ್ಯಾಡ ಬಸ್ಯಾ."

"ಯಾಕಂತ ಹೇಳಲೇ! ನನ್ನ ಮಗಳಾಗ ಏನು ಐಬು ಕಂಡಿ?"

ಕಾಕಾ ತಲೆ ತಗ್ಗಿಸಿ ನಿಂತರು. ಅವರ ಚಂಚಿಯಲ್ಲಿ ಸೀಸದ ಗುಂಡು ಇತ್ತು. ತೆಗೆದು ಪೇದೆಯ ಮುಂದೆ ಇಟ್ಟಿದ್ದರೆ ಅವರು ಗೆಲ್ಲುತ್ತಿದ್ದರು. ಇಡಲಿಲ್ಲ. ನನ್ನ ತಪ್ಪು ಪೊಲೀಸರ ಕಾಗದಕ್ಕೆ ಏರಬಾರದೆಂದು ಬಾಯಿ ಕಟ್ಟಿಕೊಂಡು, ಅಪ್ಪ ಆಡಿದ್ದನ್ನೆಲ್ಲ ಆಡಿಸಿಕೊಂಡರು. ಹೊಟ್ಟೆಕಿಚ್ಚು ಎಂದ ಅಪ್ಪ. ನಿನ್ನ ಮಗಳು ಕುರಿ ಹಿಂದೆ ತಿರುಗುತ್ತಾಳೆ, ನನ್ನ ಮಗಳು ಮೇಲೆ ಬಂದರೆ ನಿನಗೆ ತಡೆಯದು ಎಂದ. ಕೊನೆಗೆ ಓಣಿಯೆಲ್ಲ ಕೇಳುವಂತೆ ಹೇಳಿದ: "ಇವತ್ತಿಂದ ನಿನ್ನ ಕಾಳು ನನ್ನ ಗಿರಣ್ಯಾಗ ಬೀಳಬಾರದು."

ನಾನು ಅಲ್ಲೇ ಇದ್ದೆ, ಮೂರು ಹೆಜ್ಜೆ ದೂರದಲ್ಲಿ. ಒಂದು ಮಾತು ಸಾಕಿತ್ತು.

ಸಹಿ ಬೇರೆಯವರಿಂದ ಆಯಿತು. ಹಿಂದಿನ ಓಣಿಯ ಕಿರಾಣಿ ಅಂಗಡಿಯವರು ಹಾಕಿದರು. ಅವರಿಗೆ ನನ್ನ ಹೆಸರು ಕೂಡ ಸರಿಯಾಗಿ ಗೊತ್ತಿರಲಿಲ್ಲ. ಅಂದಿನಿಂದ ಕಾಕಾನ ಹೆಂಡತಿ ಗಂಗವ್ವ ಜೋಳದ ಚೀಲ ತಲೆಯ ಮೇಲೆ ಹೊತ್ತು ನಮ್ಮ ಗಿರಣಿಯ ಮುಂದೆಯೇ ಹಾದು, ಊರ ಆ ತುದಿಯ ಗಿರಣಿಗೆ ಹೋಗತೊಡಗಿದಳು. ಮಳೆ ಬಂದ ದಿನ ಚೀಲದ ಮೇಲೆ ಕಂಬಳಿ ಹೊದಿಸಿ, ತಾನು ತೊಯ್ದುಕೊಂಡು ಹೋಗುತ್ತಿದ್ದಳು. ಕುರಿ ಈದಾಗ ಬರುತ್ತಿದ್ದ ಗಿಣ್ಣದ ಹಾಲು ನಿಂತುಹೋಯಿತು. ಕರೆಂಟು ಹೋದಾಗ ಅಪ್ಪ ಒಬ್ಬನೇ ಕೂತು ಗಿರಣಿಯ ಬೆಲ್ಟು ಒರೆಸುತ್ತಿದ್ದ. ಕೆಂಚ ಮಾತ್ರ ಜಗಳ ತಿಳಿಯದೆ ಬೆಳಗಾದರೆ ರೊಟ್ಟಿಗೆ ಬಂದು ನಿಲ್ಲುತ್ತಿದ್ದ. ಅಪ್ಪ ಅದಕ್ಕೆ ಬೇಡ ಎನ್ನಲಿಲ್ಲ.

ಲೈಸೆನ್ಸು ಕೈಗೆ ಬಂದದ್ದು ಮಹಾನವಮಿಯ ಹೊತ್ತಿಗೆ. ಆಯುಧಪೂಜೆಯ ದಿನ ಗಿರಣಿಯ ಮೋಟಾರಿಗೆ, ತಕ್ಕಡಿಗೆ, ಜರಡಿಗೆ ಹೂವು ಏರಿಸಿದ ಮೇಲೆ ಅಪ್ಪ ರೈಫಲನ್ನು ಮಣೆಯ ಮೇಲೆ ಮಲಗಿಸಿ, ಅದರ ಸುಳಿಯ ಮೇಲೆಯೇ ದಪ್ಪಗೆ ವಿಭೂತಿ ಎಳೆದ. "ಕಣ್ಣಾರೆ ನೋಡಿನೂ ಇದನ್ನ ತಗೊಂಡೆ. ಸುಳಿ ತನ್ನ ಕೆಲಸ ಮಾಡೇಬಿಡ್ತು" ಎಂದ. ಮಾಡಿದ್ದು ಸುಳಿ ಎಂದು ಅವನು ನಂಬಿದ. ನಾನು ಮರದ ತುಂಡಿನ ಮೇಲೂ ತಪ್ಪು ಹೊರಿಸಿ ಸುಮ್ಮನಿದ್ದೆ.

ಮರುದಿನ ಸಂಜೆ ಊರೆಲ್ಲ ಬನ್ನಿ ಕೊಡುವ ಸಡಗರ. ವರ್ಷವಿಡೀ ಮಾತು ಬಿಟ್ಟವರೂ ಅಂದು ಬನ್ನಿ ಎಲೆ ಕೊಟ್ಟು, ಕೈ ಹಿಡಿದು, ಹಳೆಯದನ್ನು ಮರೆಯಬೇಕು. ದೀಪ ಹಚ್ಚುವ ಹೊತ್ತಿಗೆ ಕಾಕಾ ಬಂದರು. ತಲೆಗೆ ಬಿಳಿ ರುಮಾಲು, ಹಣೆಗೆ ಭಂಡಾರ, ಎರಡು ಕೈಯಲ್ಲಿ ಬನ್ನಿ.

"ಬನ್ನಿ ತಗೋ ಬಸ್ಯಾ. ಬಂಗಾರದಂಗ ಇರೋಣು."

ಅಪ್ಪ ಬೆನ್ನು ತಿರುಗಿಸಿ ಮೋಟಾರಿನ ಹೂವು ಸರಿಮಾಡುತ್ತ ನಿಂತ. ಬನ್ನಿ ಹಿಡಿದು ಬಂದವನಿಗೆ ಕೈ ನೀಡದವನನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅಪ್ಪ ಕೆಟ್ಟವನಲ್ಲ. ಅವನನ್ನು ಹಾಗೆ ನಿಲ್ಲಿಸಿದವಳು ನಾನು, ಅದೇ ಪರದೆಯ ಹಿಂದೆ, ಅದೇ ಜಾಗದಲ್ಲಿ. ಕಾಕಾ ಸ್ವಲ್ಪ ಹೊತ್ತು ಕಾದು, ಬನ್ನಿಯನ್ನು ಹೊಸ್ತಿಲ ಮೇಲಿಟ್ಟು ಹೋದರು.

ಅದಾದ ಮೇಲೆ ನಾನು ಜಿಲ್ಲೆಗೆ, ಇನ್ನೂ ದೊಡ್ಡ ಊರುಗಳಿಗೆ ಹೋಗಿ ಶೂಟಿಂಗ್ ಮಾಡಿದೆ. ಒಂದು ಕಂಚಿನ ಪದಕ ಬಂತು. ಕೆನ್ನೆಯನ್ನು ಆ ಮರಕ್ಕೆ ಒತ್ತಿ ಎಡಗಣ್ಣು ಮುಚ್ಚಿದಾಗಲೆಲ್ಲ ಕೆಂಚನಿಗೆ ಲೋಕ ಕಂಡದ್ದು ಇಷ್ಟೇ ಎಂದು ನೆನಪಾಗುತ್ತಿತ್ತು. ಕಾಲೇಜು ಮುಗಿಯುವಷ್ಟರಲ್ಲಿ ಬಿಟ್ಟೆ. ಯಾಕೆಂದು ಅಪ್ಪ ಕೇಳಿದ, ಓದು ಹೆಚ್ಚಾಯಿತು ಎಂದೆ. ಅಷ್ಟರಲ್ಲಿ ಕೆಂಚ ಸತ್ತಿದ್ದ. ಕಾಕಾ ಕುರಿ ಮಾರಿ, ಎದುರುಮನೆಗೆ ಬೀಗ ಹಾಕಿ, ಮಗಳ ಊರು ತೆಲಿಗಿಗೆ ಹೋಗಿದ್ದರು. ಎರಡು ವರ್ಷದ ಹಿಂದೆ ಅಪ್ಪನೂ ಹೋದ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಅವನ ಪಕ್ಕದಲ್ಲಿ ಕೂತಿದ್ದೆ. ಹನ್ನೊಂದು ದಿನವೂ ಹೇಳಲಿಲ್ಲ.

ಈಗ ನಾನು ಹರಪನಹಳ್ಳಿಯಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ಮಕ್ಕಳಿಗೆ ನಡತೆ ಪ್ರಮಾಣಪತ್ರ ಕೊಡುವಾಗ ಪೆನ್ನು ಹಿಡಿದು ಒಂದು ನಿಮಿಷ ಸುಮ್ಮನೆ ಕೂರುತ್ತೇನೆ, ಉಳಿದವರು ನಗುತ್ತಾರೆ. ತೆಲಿಗಿ ಬಸ್ಸು ದಿನಾ ನನ್ನ ಕಣ್ಣ ಮುಂದೆಯೇ ಹೋಗುತ್ತದೆ. ಹೋಗಲು ಧೈರ್ಯ ಬಂದದ್ದು ಈ ವರ್ಷದ ಬನ್ನಿ ಹಬ್ಬಕ್ಕೆ.

ಕಾಕಾ ಮಗಳ ಮನೆಯ ಅಂಗಳದಲ್ಲಿ ಉಣ್ಣೆ ಬಿಡಿಸುತ್ತ ಕೂತಿದ್ದರು. ಬಹಳ ಸಣ್ಣಗಾಗಿದ್ದರು. ನನ್ನನ್ನು ನೋಡಿದ ಕೂಡಲೇ "ಬಸ್ಯಾನ ಮಗಳಲ್ಲೇನು?" ಎಂದರು. ನಾನು ಕಾಲಿಗೆ ಬಿದ್ದು, ಏಳದೆ, ಅಲ್ಲೇ ನೆಲ ನೋಡುತ್ತ ಹೇಳಿದೆ. ಗುಂಡು ಇದ್ದದ್ದು ಗೊತ್ತಿತ್ತು ಎಂಬುದನ್ನೂ ಹೇಳಿದೆ.

"ಅವತ್ತ ಗೊತ್ತಿತ್ತವ್ವ ನನಗ" ಎಂದರು. "ಪೊಲೀಸರಿಗೆ ನಾಳಿ ಅಂತ ಯಾಕ ಹೇಳಿದೆ ಅಂತೀ? ಸಂಜಿಕ ನೀ ಬರ್ತಿ ಅಂತ ಕುಂತಿದ್ದೆ. ಬಂದು, ಕಾಕಾ ತಪ್ಪಾತು ಅಂದಿದ್ದರ, ಸನ್ನಡತಿ ಅಂತ ಎದಿ ಮುಟ್ಟಿಗೊಂಡು ಸೈ ಹಾಕ್ತಿದ್ದೆ. ಸುಳ್ಳಾಗತಿದ್ದಿಲ್ಲ ಅದು."

ನನಗೆ ಅಳುವೂ ಬರಲಿಲ್ಲ. ಲೈಸೆನ್ಸು ಹೋಗುತ್ತದೆಂದು ಹೆದರಿ ನಾನು ನಿಂತಿದ್ದೆ. ಲೈಸೆನ್ಸು ಕಟ್ಟೆಯ ಮೇಲೆ ಕೂತು ನನಗಾಗಿ ಕಾಯುತ್ತಿತ್ತು.

"ನಿಮ್ಮಪ್ಪಗ ಹೇಳಿದೇನು?"

"ಇಲ್ಲ ಕಾಕಾ."

ಉಣ್ಣೆ ಬಿಡಿಸುವ ಕೈ ನಿಂತಿತು. "ಬಸ್ಯಾ ಹೋದ ಸುದ್ದಿ ಬಂದ ದಿನ ಮಣ್ಣಿಗೆ ಬರಬೇಕಂತ ತಂಬ್ರಹಳ್ಳಿ ಬಸ್‌ಸ್ಟ್ಯಾಂಡಿನತನ ಬಂದಿದ್ದೆ. ನಾ ಬಂದರ ಅವಗ ಸೇರತೈತೋ ಇಲ್ಲೋ ಅಂತ ಅಲ್ಲಿಂದ ತಿರುಗಿ ಬಂದೆ" ಎಂದರು. ಉಣ್ಣೆಯ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡು, "ಹಂಗಾರ ಅಂವ ನನ್ನ ಮ್ಯಾಲೆ ಸಿಟ್ಟಿನಾಗ ಹೋದ" ಎಂದರು.

ಹೊರಡುವಾಗ ಬನ್ನಿ ಕೊಟ್ಟರು. ಒಂದು ಎಸಳು ಕೊಟ್ಟು, ಇನ್ನೊಂದನ್ನು ಆರಿಸಿ ಅಂಗೈಯಲ್ಲಿ ಇಟ್ಟರು. "ಇದು ನಿಮ್ಮಪ್ಪಂದು."

ಮರುದಿನ ಊರಿಗೆ ಹೋದೆ. ಗಿರಣಿಯನ್ನು ಈಗ ತಮ್ಮ ನಡೆಸುತ್ತಾನೆ, ಆದರೆ ಜನ ಹಿಟ್ಟಿನ ಪಾಕೀಟು ಕೊಳ್ಳುವುದೇ ಹೆಚ್ಚು. ಮಧ್ಯಾಹ್ನಕ್ಕೆಲ್ಲ ಓಣಿ ಸಪ್ಪಗಿರುತ್ತದೆ. ಅಪ್ಪನ ಬನ್ನಿಯನ್ನು ಅವನ ಸಮಾಧಿಯ ಗದ್ದುಗೆಯ ಮೇಲಿಟ್ಟು ಬಂದೆ. ಆಮೇಲೆ ನಮ್ಮ ಹೊಸ್ತಿಲಿನಿಂದ ಎದುರಿನ ಕಟ್ಟೆಗೆ ಎಣಿಸಿಕೊಂಡು ನಡೆದೆ. ಹದಿನಾಲ್ಕು ಹೆಜ್ಜೆ. ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು, ಕಾಕಾ ಕೂರುತ್ತಿದ್ದ ಜಾಗದಲ್ಲೇ ಕೂತೆ. ನಮ್ಮ ಬಾಗಿಲಿಗೆ ಈಗಲೂ ಅಂಥದ್ದೇ ಪರದೆ, ಅವ್ವನ ಹಳೆಯ ಸೀರೆಯದು. ಯಾವುದೋ ಕೆಲಸಕ್ಕೆ ಅವ್ವ ಅದರ ಹಿಂದೆ ಬಂದು ನಿಂತಳು. ಪರದೆ ಆಗಲೂ ನೆಲ ಮುಟ್ಟುತ್ತಿರಲಿಲ್ಲ, ಈಗಲೂ ಮುಟ್ಟುವುದಿಲ್ಲ. ಅವಳ ಎರಡು ಪಾದವೂ ನನಗೆ ಚೆನ್ನಾಗಿ ಕಂಡವು.